ಒಂದು ದಿನದ ಪಾಠ, ಇಬ್ಬರು ಮಕ್ಕಳು

ನೇಥನ್ ಅಜ್ರಿನ್ ಮತ್ತು ರಿಚರ್ಡ್ ಫಾಕ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ‘ಟಾಯ್ಲೆಟ್ ಟ್ರೇನಿಂಗ್ ಇನ್ ಲೆಸ್ ದ್ಯಾನ್ ಎ ಡೇ’ ಎಂಬ ಪುಸ್ತಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಮಗುವಿಗೆ ಪಾಟಿಯ ಮೇಲೆ ಕೂರುವ ಅಭ್ಯಾಸವನ್ನು ಒಂದು ದಿನಕ್ಕಿಂತ ಕಡಿಮೆ ಅವಧಿಯಲ್ಲಿ ಕಲಿಸಬಹುದೆಂಬ ಅದರ ಭರವಸೆ ಲಕ್ಷಾಂತರ ಮನೆಗಳನ್ನು ಮುಟ್ಟಿದೆ. ಮೂರು ದಿನದಲ್ಲಿ, ಒಂದು ವಾರಾಂತ್ಯದಲ್ಲಿ ಎಂದು ಆಸೆ ಹುಟ್ಟಿಸುವ ಈಗಿನ ಕೈಪಿಡಿಗಳೂ ಬಹುಮಟ್ಟಿಗೆ ಅದೇ ಜಾಡಿನಲ್ಲಿ ನಡೆದಿವೆ. ಒಂದು ಮಗುವಿರುವ ಮನೆಯಲ್ಲಿ ಈ ವಿಧಾನದ ದೋಷಗಳು ಸುಲಭವಾಗಿ ಮರೆಯಾಗಬಲ್ಲವು. ಎರಡು ವರ್ಷ ದಾಟಿದ ಅವಳಿ ಮಕ್ಕಳಿರುವ ಮನೆಯಲ್ಲಿ, ಅದರಲ್ಲೂ ಕಲಿತಂತಿದ್ದ ಮಗು ಮತ್ತೆ ಚಡ್ಡಿ ಒದ್ದೆ ಮಾಡಿಕೊಳ್ಳತೊಡಗಿದ ದಿನಗಳಲ್ಲಿ, ಅವು ಒಂದೊಂದಾಗಿ ಬಯಲಾಗುತ್ತವೆ.

ಮೆಚ್ಚಿಗೆ ಸಿಕ್ಕ ನಡತೆ ಬೇರೂರುತ್ತದೆ, ಸಿಗದ ನಡತೆ ಬಾಡುತ್ತದೆ ಎಂಬ ವರ್ತನವಾದದ ಮೂಲತತ್ವವನ್ನು ಇಲ್ಲಿ ಬಿಡಿಸಿ ಹೇಳಬೇಕಾಗಿಲ್ಲ. ಈ ಲೇಖಕರ ವಿಧಾನ ಮೊದಲು ರೂಪುಗೊಂಡದ್ದು ಬುದ್ಧಿಮಾಂದ್ಯರ ವಸತಿಸಂಸ್ಥೆಯಲ್ಲಿ ಎಂಬುದನ್ನು ಮಾತ್ರ ನೆನಪಿಡಬೇಕು. 1971ರಲ್ಲಿ ಆ ಪ್ರಯೋಗದ ವರದಿ ಬಂತು. 1973ರಲ್ಲಿ ಅದನ್ನೇ 34 ಸಾಮಾನ್ಯ ಮಕ್ಕಳಿಗೆ ಅಳವಡಿಸಿ, ಸರಾಸರಿ ನಾಲ್ಕು ಗಂಟೆಯಲ್ಲಿ ಕಲಿಸಿದ ವರದಿ ಹೊರಬಿತ್ತು. ಪುಸ್ತಕ ಅದರ ಬೆನ್ನಿಗೇ ಬಂದದ್ದು. ಆ ನಾಲ್ಕು ಗಂಟೆಗಳಲ್ಲಿ ಒಂದು ಮಗುವಿನ ಮುಂದೆ ತರಬೇತಾದ ಒಬ್ಬ ವ್ಯಕ್ತಿ ಕೂತಿದ್ದು, ಮಗುವಿಗೆ ಬೇಕಾದಷ್ಟು ಪಾನೀಯ ಕುಡಿಸಿ, ಚಡ್ಡಿ ಒಣಗಿದೆಯೇ ಎಂದು ಮತ್ತೆಮತ್ತೆ ಮುಟ್ಟಿ ನೋಡಿಸಿ, ಒಣಗಿದ್ದರೆ ತಿಂಡಿಯನ್ನೂ ಹೊಗಳಿಕೆಯನ್ನೂ ಕೊಡುವ ಏರ್ಪಾಡಿತ್ತು. ಇಷ್ಟು ಏಕಾಗ್ರತೆ ಅವಳಿ ಮಕ್ಕಳ ತಾಯಿಗೆ ದಕ್ಕುವುದು ಇಬ್ಬರೂ ಮಲಗಿರುವಾಗ ಮಾತ್ರ.

ಪುಸ್ತಕದ ತಿರುಳಿರುವುದು, ಅದರ ತೊಡಕಿರುವುದೂ, ಮಗು ತಪ್ಪಿದಾಗ ಏನು ಮಾಡಬೇಕೆಂದು ಹೇಳುವ ಭಾಗದಲ್ಲಿ. ಲೇಖಕರು ‘ಪಾಸಿಟಿವ್ ಪ್ರಾಕ್ಟೀಸ್’ ಎಂದು ಕರೆಯುವ ಈ ಕ್ರಮವನ್ನು ಕನ್ನಡದಲ್ಲಿ ‘ಸರಿಯಾದುದನ್ನೇ ಮಾಡಿಮಾಡಿ ರೂಢಿಸುವುದು’ ಎನ್ನಬಹುದು. ಉಚ್ಚೆ ಹೋದ ಜಾಗದಿಂದ ಮಗುವನ್ನು ಬೇಗಬೇಗ ಪಾಟಿಯವರೆಗೆ ನಡೆಸಿ, ಚಡ್ಡಿ ಇಳಿಸಿ, ಕ್ಷಣಮಾತ್ರ ಕೂರಿಸಿ, ಎಬ್ಬಿಸಿ, ಚಡ್ಡಿ ಏರಿಸಿ, ಮತ್ತೊಂದು ಜಾಗಕ್ಕೆ ಕರೆದೊಯ್ದು, ಅಲ್ಲಿಂದ ಇದನ್ನೆಲ್ಲ ಮತ್ತೆ ಮೊದಲಿನಿಂದ ಮಾಡಿಸಬೇಕು. ಹೀಗೆ ಹತ್ತು ಸಲ. ಮಗು ಒಪ್ಪದಿದ್ದರೆ ಕೈಹಿಡಿದು ಮಾಡಿಸಬೇಕು. ಇದು ಶಿಕ್ಷೆಯಲ್ಲ, ಅಭ್ಯಾಸ ಎಂಬುದು ಲೇಖಕರ ವಾದ. ಆದರೆ ಈ ಹತ್ತು ಸುತ್ತಿನ ಬೇಸರವೇ ಮಗುವನ್ನು ಮುಂದಿನ ಸಲ ಎಚ್ಚರಿಸಬೇಕೆಂಬುದು ಅದೇ ವಾದದ ಒಳಗಿರುವ ನಿರೀಕ್ಷೆ. ಬೇಸರದ ಬಲದಿಂದ ಕೆಲಸ ಮಾಡುವುದಕ್ಕೆ ‘ಪಾಸಿಟಿವ್’ ಎಂಬ ಹೆಸರು ಎಷ್ಟು ಹೊಂದುತ್ತದೆ ಎಂಬುದನ್ನು ಓದುಗರೇ ತೂಗಿ ನೋಡಬಹುದು.

ಇದೇ ಹತ್ತು ಸುತ್ತನ್ನು ಅವಳಿಗಳಿರುವ ಮನೆಗೆ ತಂದಾಗ ಲೆಕ್ಕ ತಲೆಕೆಳಗಾಗುತ್ತದೆ. ಒಂಟಿ ಮಗುವಿಗೆ ತಾಯಿಯ ಗಮನ ದಿನವಿಡೀ ಸಿಗುವ ವಸ್ತುವಾದ್ದರಿಂದ ಈ ನಡೆದಾಟ ಅದಕ್ಕೆ ಬರಿಯ ಕಿರಿಕಿರಿ. ಅವಳಿ ಮಗುವಿಗೆ ಹಾಗಲ್ಲ, ಹುಟ್ಟಿದಂದಿನಿಂದ ಪಾಲಾಗುತ್ತಲೇ ಬಂದಿರುವುದು ಆ ಗಮನ. ಚಡ್ಡಿ ಒಣಗಿಸಿಕೊಂಡವನಿಗೆ ‘ಭೇಷ್’ ಎಂಬ ಒಂದು ಮಾತೂ ಒಂದು ಬಿಸ್ಕತ್ತೂ ಸಿಕ್ಕರೆ, ಒದ್ದೆ ಮಾಡಿಕೊಂಡವನಿಗೆ ಅಮ್ಮನ ಎರಡೂ ಕೈ, ಎರಡೂ ಕಣ್ಣು, ಹತ್ತು ಸುತ್ತಿನ ಒಡನಾಟ ಸಿಗುತ್ತದೆ. ಇದನ್ನೆಲ್ಲ ನೋಡುತ್ತ ನಿಂತ ಒಣಚಡ್ಡಿಯವನು ಸ್ವಲ್ಪ ಹೊತ್ತಿನಲ್ಲಿ ತಾನೂ ನೆಲ ಒದ್ದೆ ಮಾಡಿದರೆ ಅದನ್ನು ಹಿಮ್ಮರಳಿಕೆ, ಅಂದರೆ ಕಲಿತದ್ದನ್ನು ಬಿಟ್ಟು ಹಿಂದಿನ ಹಂತಕ್ಕೆ ಜಾರುವುದು, ಎಂದು ಬರೆದಿಡುವುದಕ್ಕಿಂತ ವರ್ತನವಾದದ ಪಾಠವನ್ನು ಆ ಮನೆಯಲ್ಲಿ ಸರಿಯಾಗಿ ಅರ್ಥಮಾಡಿಕೊಂಡವನು ಅವನೊಬ್ಬನೇ ಎನ್ನುವುದು ಹೆಚ್ಚು ಸರಿ. ಲೇಖಕರ ಸಿದ್ಧಾಂತ ಇಲ್ಲಿ ಸೋತಿಲ್ಲ. ಗೆದ್ದಿದೆ, ಆದರೆ ಅವರು ಹೇಳಿಕೊಟ್ಟ ಕ್ರಮದ ವಿರುದ್ಧ ಗೆದ್ದಿದೆ.

ತಜ್ಞರ ಕೈಯಲ್ಲಿ ನಡೆದದ್ದು ಪುಸ್ತಕ ಓದಿದವರ ಕೈಯಲ್ಲೂ ನಡೆಯುತ್ತದೆಯೇ ಎಂದು 1977ರಲ್ಲಿ ಮ್ಯಾಟ್ಸನ್ ಮತ್ತು ಓಲೆಂಡಿಕ್ ಪರೀಕ್ಷಿಸಿದಾಗ, ಪುಸ್ತಕವನ್ನಷ್ಟೇ ನೆಚ್ಚಿದ ಐವರು ತಾಯಂದಿರಲ್ಲಿ ಒಬ್ಬರು ಮಾತ್ರ, ಮೇಲ್ವಿಚಾರಣೆ ದೊರೆತ ಐವರಲ್ಲಿ ನಾಲ್ವರು ಯಶಸ್ವಿಯಾದರು. ಸಂಖ್ಯೆ ಚಿಕ್ಕದು, ಹೆಚ್ಚು ಭಾರ ಹೇರುವಂತಿಲ್ಲ. ಆದರೂ ಪುಸ್ತಕದ ಹೊದಿಕೆಯ ಮೇಲಿನ ಭರವಸೆಗೆ ಅದು ಹೊಗಳಿಕೆಯಂತೂ ಅಲ್ಲ.

ಇದಕ್ಕೆ ಎದುರಾಗಿ ನಿಲ್ಲಬೇಕಾದ ಕೃತಿ ನ್ಯೂಯಾರ್ಕಿನ ಮರ್ಟಲ್ ಮೆಕ್‌ಗ್ರಾ ಅವರ 1940ರ ಪ್ರಬಂಧ. ಎರಡು ಜೊತೆ ತದ್ರೂಪಿ ಅವಳಿಗಳಲ್ಲಿ ಒಬ್ಬೊಬ್ಬನನ್ನು ಹಸುಗೂಸಾಗಿದ್ದಾಗಿನಿಂದಲೇ ಹಗಲಿನಲ್ಲಿ ಗಂಟೆಗೊಮ್ಮೆ ಪಾಟಿಯ ಮೇಲೆ ಕೂರಿಸಿ, ಇನ್ನೊಬ್ಬನನ್ನು ಸುಮಾರು ಎರಡು ವರ್ಷದವರೆಗೆ ಸುಮ್ಮನೆ ಬಿಟ್ಟು ಅವರು ಹೋಲಿಸಿದರು. ಮೊದಲಿನವನ ಯಶಸ್ಸು ತಿಂಗಳುಗಟ್ಟಲೆ ಏರುತ್ತ ಇಳಿಯುತ್ತ ಸಾಗಿತು. ತಡವಾಗಿ ಶುರುಮಾಡಿದವನು ಅಲ್ಪಕಾಲದಲ್ಲೇ ಅವನ ಸಮಕ್ಕೆ ಬಂದ. ನರಮಂಡಲ ಮಾಗುವವರೆಗೆ ತರಬೇತಿ ಫಲಿಸದೆಂಬುದು ಅವರ ತೀರ್ಮಾನ.

ಈ ಪ್ರಬಂಧವನ್ನು ಓದದೆ ಉದ್ಧರಿಸುವವರಿಂದ ಒಂದು ಜಗಳ ಬೆಳೆದಿದೆ. ‘ಕಾಯಿರಿ’ ಎನ್ನುವವರು ಇದನ್ನು ಹಿಡಿದು, ಹಸುಗೂಸನ್ನು ಚಾಚಿದ ಕಾಲಿನ ಮೇಲೆ ಕೂರಿಸಿ ‘ಶ್ ಶ್’ ಎನ್ನುವ ಅಜ್ಜಿಯರ ರೂಢಿಯನ್ನು ವ್ಯರ್ಥ ಶ್ರಮವೆಂದು ತಳ್ಳಿಹಾಕುತ್ತಾರೆ. ರೂಢಿಯ ಪರ ನಿಂತವರು ಪೂರ್ವ ಆಫ್ರಿಕಾದ ಡಿಗೋ ಜನರ ಕುರಿತ 1977ರ ವರದಿಯನ್ನು ಮುಂದೊಡ್ಡಿ, ಅಲ್ಲಿನ ಕೂಸುಗಳು ಐದಾರು ತಿಂಗಳಿಗೇ ಒಣಗಿರುತ್ತವೆಂದು ಮೆರೆಯುತ್ತಾರೆ. ಇಬ್ಬರೂ ಗಮನಿಸದ ವ್ಯತ್ಯಾಸವನ್ನು ಕನ್ನಡದ ಕ್ರಿಯಾಪದವೇ ಹೇಳುತ್ತದೆ. ಅಜ್ಜಿ ಮಗುವಿಗೆ ಉಚ್ಚೆ ‘ಹೊಯ್ಯಿಸುತ್ತಾಳೆ’. ಅದರ ಮುಖ, ಮುಲುಕು ನೋಡಿ ಹೊತ್ತು ಗುರುತಿಸುವವಳು ಅವಳು, ಕಲಿತವಳೂ ಬಹುಮಟ್ಟಿಗೆ ಅವಳೇ. ಮೆಕ್‌ಗ್ರಾ ಅಳೆಯಲು ಹೊರಟದ್ದು ಮಗು ತಾನಾಗಿ ತಡೆದು, ತಾನಾಗಿ ಬಿಡುವ ಶಕ್ತಿಯನ್ನು. ‘ಹೊಯ್ಯಿಸು’ ಎಂಬ ಪ್ರೇರಣಾರ್ಥಕದ ಯಶಸ್ಸನ್ನು ‘ಹೊಯ್ಯು’ ಎಂಬುದರ ಯಶಸ್ಸಿಗೆ ಹೋಲಿಸಿ ಗೆದ್ದವರು ಯಾರೆಂದು ಕೇಳುವುದರಲ್ಲಿ ಅರ್ಥವಿಲ್ಲ. ಅಂದಹಾಗೆ, ಅವಳಿಗಳಿಗೆ ಕಾಲಿನ ಮೇಲೆ ಕೂರಿಸುವ ಈ ರೂಢಿಯನ್ನು ಶಿಫಾರಸು ಮಾಡುವವರು ಮನೆಯಲ್ಲಿ ಎಷ್ಟು ಜೊತೆ ಕಾಲುಗಳಿವೆ ಎಂದು ಕೇಳುವುದು ಅಪರೂಪ. ಕೂಡುಕುಟುಂಬದಲ್ಲಿ ಆ ಪ್ರಶ್ನೆ ಏಳುತ್ತಿರಲಿಲ್ಲ.

ಮೆಕ್‌ಗ್ರಾ ಅವರಲ್ಲೂ ಕೊರತೆಯಿದೆ. ಅವರಿಗೆ ಅವಳಿತನ ಒಂದು ತಕ್ಕಡಿ ಮಾತ್ರ. ಒಬ್ಬನನ್ನು ನೋಡಿ ಇನ್ನೊಬ್ಬ ಏನು ಕಲಿತ, ಏನು ಬಿಟ್ಟ ಎಂಬ ಪ್ರಶ್ನೆ ಆ ತಕ್ಕಡಿಯಲ್ಲಿ ತೂಗುವಂಥದ್ದಲ್ಲ. ಹಾಗಿದ್ದೂ ಹಿಮ್ಮರಳಿಕೆಯನ್ನು ಎದುರಿಸುತ್ತಿರುವ ತಾಯಿಗೆ ಅವರ ಏರಿಳಿತದ ದಾಖಲೆಯಲ್ಲಿ ಸಿಗುವ ನೆರವು ಅಜ್ರಿನ್-ಫಾಕ್ಸರ ನಾಲ್ಕು ಗಂಟೆಗಳಲ್ಲಿ ಸಿಗದು. ಮಲಬದ್ಧತೆ, ಮೂತ್ರದ ಸೋಂಕು, ಹೊಸದಾಗಿ ಸೇರಿದ ಅಂಗನವಾಡಿ, ಇವುಗಳಲ್ಲಿ ಯಾವುದಿದ್ದರೂ ಮಗು ಹಿಂದೆ ಜಾರಬಹುದು. ಅದರಲ್ಲಿ ಯಾವುದಕ್ಕೂ ಹತ್ತು ಸುತ್ತಿನ ನಡಿಗೆ ಮದ್ದಲ್ಲ.

ಪುಸ್ತಕದಲ್ಲಿ ಉಳಿಸಿಕೊಳ್ಳಬೇಕಾದದ್ದು ಎರಡು: ಚಡ್ಡಿಯನ್ನು ತಾನೇ ಇಳಿಸಿ ಏರಿಸಲು ಮಗುವಿಗೆ ಕಲಿಸುವುದು ಮತ್ತು ಉಚ್ಚೆ ಹೋಗುವ ಗೊಂಬೆ. ನೀರು ತುಂಬಿದ ಗೊಂಬೆಯನ್ನು ಪಾಟಿಯ ಮೇಲೆ ಕೂರಿಸಿ, ಮಗುವೇ ಅದಕ್ಕೆ ಗುರುವಾಗಿ ಪಾಠ ಹೇಳುವ ಈ ಉಪಾಯ ನಿಜಕ್ಕೂ ಜಾಣತನದ್ದು, ಏಕೆಂದರೆ ಕಲಿಸುವವನೇ ಹೆಚ್ಚು ಕಲಿಯುತ್ತಾನೆಂಬುದನ್ನು ಅದು ಬಲ್ಲದು. ಅವಳಿಗಳ ಮನೆಯಲ್ಲಿ ಗೊಂಬೆಗೆ ದುಡ್ಡು ಹಾಕಬೇಕಾಗಿಯೂ ಇಲ್ಲ. ನಿಜವಾಗಿ ಉಚ್ಚೆ ಹೋಗುವ, ಹೇಳಿದ್ದಕ್ಕೆ ಎದುರಾಡುವ, ಒಮ್ಮೊಮ್ಮೆ ಪಾಟಿಯನ್ನೇ ಎಳೆದುಕೊಂಡು ಓಡುವ ಗೊಂಬೆಯೊಂದು ಪಕ್ಕದಲ್ಲೇ ನಿಂತಿರುತ್ತದೆ. ಪಾಠದ ದಿನ ಏಕಾಗ್ರತೆ ಕೆಡದಿರಲೆಂದು ಪುಸ್ತಕ ಮನೆಯಿಂದ ಆಚೆ ಕಳಿಸಿಬಿಡಿ ಎನ್ನುವುದು ಅದನ್ನೇ.