ಜರಡಿ ಇದೆ, ಉಸ್ತಾದ್ ಇಲ್ಲ

ಬೆಂಗಳೂರಿನ ಎರಡು ಉದ್ಯಮಗಳು ಎದುರುಬದುರಾಗುವ ಜಾಗ ಹೊಸೂರು ರಸ್ತೆಯ ಬೊಮ್ಮನಹಳ್ಳಿ. ನೆಲದಲ್ಲಿ ಗಾರ್ಮೆಂಟ್ ಕಾರ್ಖಾನೆಗಳು. ಮೇಲೆ, 2010ರಲ್ಲಿ ತೆರೆದ ಮೇಲ್ಸೇತುವೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಧಾವಿಸುವ ವಾಹನಗಳು. 2025ರ ಆಗಸ್ಟ್‌ನಿಂದ ಮೆಟ್ರೋದ ಹಳದಿ ಮಾರ್ಗವೂ ಜೊತೆಗೂಡಿದೆ. ಗಲ್ಲಿಗಳ ಬಾಡಿಗೆ ಕೋಣೆಗಳಲ್ಲಿ ದೂರದ ಜಿಲ್ಲೆಗಳಿಂದ ಬಂದ ಇಂಜಿನಿಯರಿಂಗ್ ಪದವೀಧರರಿದ್ದಾರೆ. ಊರಲ್ಲಿ ಸಾಲವಿದೆ, ಕೈಯಲ್ಲಿ ಪದವಿಯಿದೆ, ಕೆಲಸವಿಲ್ಲ. ಇವರಿಗೇಕೆ ಕೆಲಸ ಸಿಗುವುದಿಲ್ಲ ಎಂದು ಕೇಳಿದರೆ 'ಕೌಶಲ್ಯವಿಲ್ಲ' ಎಂಬ ಸಿದ್ಧ ಉತ್ತರ ಬರುತ್ತದೆ. ಈ ಉತ್ತರವನ್ನೇ ನಾವು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಗಾರ್ಮೆಂಟ್ ಕಾರ್ಖಾನೆಗೆ ಕೆಲಸ ಕೇಳಿ ಬರುವ ಹೆಣ್ಣುಮಗಳನ್ನು ಸಾಮಾನ್ಯವಾಗಿ ಹೊಲಿಗೆ ಯಂತ್ರದ ಮುಂದೆ ಕೂರಿಸುತ್ತಾರೆ. ಎರಡು ತುಂಡು ಬಟ್ಟೆ ಕೊಟ್ಟು ಹೊಲಿದು ತೋರಿಸು ಎನ್ನುತ್ತಾರೆ. ಆಕೆ ನಾಳೆ ಮಾಡಬೇಕಾದ ಕೆಲಸವೇ ಇಂದಿನ ಪರೀಕ್ಷೆ. ಹತ್ತನೇ ತರಗತಿಯ ಅಂಕಪಟ್ಟಿಯನ್ನು ನೋಡಿ ಹೊಲಿಗೆಯ ಗುಣ ಅಳೆಯುವವರು ಅಲ್ಲಿಲ್ಲ. ಕಾರ್ಖಾನೆಗಳನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹೊಸ ನಿಯಮದ ವಿರುದ್ಧ ಇದೇ ರಸ್ತೆಗಿಳಿದ ಸಾವಿರಾರು ಮಹಿಳೆಯರು ಕೇಂದ್ರ ಸರಕಾರ ಆ ನಿಯಮವನ್ನು ಹಿಂತೆಗೆಯುವಂತೆ ಮಾಡಿದರು. ಅವರ ಬದುಕು ಎಷ್ಟು ಇಕ್ಕಟ್ಟಿನದು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಆಯ್ಕೆಯ ಈ ಒಂದು ವಿಷಯದಲ್ಲಿ ಗಾರ್ಮೆಂಟ್‌ನ ರೀತಿ ಸಾಫ್ಟ್‌ವೇರ್ ಕಂಪೆನಿಗಳ ರೀತಿಗಿಂತ ಪ್ರಾಮಾಣಿಕವಾಗಿದೆ.

ನೂರಾರು ಮಂದಿಯನ್ನು ಒಟ್ಟಿಗೆ ಸೇರಿಸಿಕೊಳ್ಳುವ ಕಂಪೆನಿಗಳು ಬಹುಕಾಲದಿಂದ ಹಾಕುತ್ತಾ ಬಂದ ಷರತ್ತೊಂದಿದೆ: ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಅಂಕ ಇರಬೇಕು. ನಾವು ಉರ್ದು ಮತ್ತು ಕನ್ನಡ ಮಾಧ್ಯಮದಲ್ಲಿ ಓದಿದವರು. ಹತ್ತರವರೆಗೆ ತಾಯ್ನುಡಿಯಲ್ಲಿ ಕಲಿತ ಮಗು ಪಿಯುಸಿಯಲ್ಲಿ ಭೌತಶಾಸ್ತ್ರವನ್ನು ಒಮ್ಮೆಗೇ ಇಂಗ್ಲಿಷಿನಲ್ಲಿ ಎದುರಿಸುವಾಗಿನ ತಬ್ಬಿಬ್ಬು ಏನೆಂದು ಬಲ್ಲೆವು. ಆ ಒಂದು ವರ್ಷ ಜಾರಿದ ಅಂಕ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಮೇಲೂ ಬೆನ್ನು ಬಿಡುವುದಿಲ್ಲ. ಹದಿನೇಳರ ಹರೆಯದ ಅಂಕಕ್ಕೂ ಇಪ್ಪತ್ತೆರಡರಲ್ಲಿ ಬರೆಯುವ ಪ್ರೋಗ್ರಾಮಿಗೂ ಏನು ಸಂಬಂಧ? ಅರ್ಜಿಗಳ ರಾಶಿಯನ್ನು ಕಡಿಮೆ ಮಾಡಲು ಇದು ಸುಲಭದ ಜರಡಿ, ಅಷ್ಟೆ.

ಹಾಗೆಂದು ಕಂಪೆನಿಗಳ ದೂರು ಪೂರ್ತಿ ಹುಸಿಯಲ್ಲ. 2007ರಲ್ಲಿ ಇಮ್ರಾನ್ ಘೋರಿ ಎಂಬ ಪ್ರೋಗ್ರಾಮರ್ ಒಂದು ಸಣ್ಣ ಪರೀಕ್ಷೆಯನ್ನು ಪ್ರಸಿದ್ಧಗೊಳಿಸಿದರು. ಮಕ್ಕಳ ಆಟದಿಂದ ಬಂದ ಅದರ ಹೆಸರು ಫಿಜ್‌ಬಜ್. 1ರಿಂದ 100ರವರೆಗೆ ಸಂಖ್ಯೆಗಳನ್ನು ಬರೆಯಬೇಕು. 3ರಿಂದ ಭಾಗವಾಗುವಲ್ಲಿ 'ಫಿಜ್', 5ರಿಂದ ಭಾಗವಾಗುವಲ್ಲಿ 'ಬಜ್', ಎರಡರಿಂದಲೂ ಭಾಗವಾಗುವಲ್ಲಿ 'ಫಿಜ್‌ಬಜ್' ಎನ್ನಬೇಕು. 3ನ್ನು ಮೊದಲು ಕೇಳಿ ಅಲ್ಲಿಗೇ ನಿಲ್ಲಿಸಿದರೆ 15ರಲ್ಲಿ ತಪ್ಪು ಉತ್ತರ ಬರುತ್ತದೆ ಎಂಬುದಷ್ಟೇ ಇಲ್ಲಿನ ಸೂಕ್ಷ್ಮ. ಇಷ್ಟನ್ನೂ ಬಹಳಷ್ಟು ಪದವೀಧರರು ಮಾಡಲಾರರು ಎಂದು ಅವರು ಬರೆದರು. ಅವರ ಮಾತು ಭಾರತದ ಬಗೆಗಾಗಿರಲಿಲ್ಲ. 2017ರಲ್ಲಿ ಆಸ್ಪೈರಿಂಗ್ ಮೈಂಡ್ಸ್ ಎಂಬ ಸಂಸ್ಥೆ ನಮ್ಮ ದೇಶದ 36 ಸಾವಿರಕ್ಕೂ ಹೆಚ್ಚು ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ಸರಿಯಾದ ತರ್ಕ ಬರೆದವರು ಶೇಕಡಾ 4.77 ಮಾತ್ರ ಎಂದಿತು. ಪರೀಕ್ಷೆ ನಡೆಸುವುದೇ ಆ ಸಂಸ್ಥೆಯ ವ್ಯಾಪಾರವಾಗಿತ್ತು ಎಂಬುದನ್ನೂ ನಾವು ಮರೆಯಬಾರದು. ಅಂಕಿಯನ್ನು ಒಪ್ಪಿದರೂ ಪ್ರಶ್ನೆ ಉಳಿಯುತ್ತದೆ: ನೂರರಲ್ಲಿ ತೊಂಬತ್ತೈದು ಮಂದಿ ಸೋತರೆ ಅದು ವಿದ್ಯಾರ್ಥಿಗಳ ಸೋಲೋ, ಕಲಿಸಿದವರದ್ದೋ?

ನಮ್ಮ ಹಲವು ಕಾಲೇಜುಗಳ ಪ್ರಯೋಗಾಲಯಗಳಲ್ಲಿ ವರ್ಷಾರಂಭಕ್ಕೇ ಹತ್ತು ಹನ್ನೆರಡು ಪ್ರೋಗ್ರಾಮುಗಳ ಪಟ್ಟಿ ಕೊಡುತ್ತಾರೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ರೆಕಾರ್ಡ್ ಪುಸ್ತಕಕ್ಕೆ ನಕಲಿಸುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ. ಆದರೆ ಕೆಲಸದಲ್ಲಿ ಹೆಚ್ಚಿನ ಸಮಯ ಹೋಗುವುದು ಬೇರೆಯವರು ಬರೆದದ್ದನ್ನು ಓದುವುದರಲ್ಲಿ, ತಪ್ಪು ಹುಡುಕುವುದರಲ್ಲಿ, ಒಂದನ್ನು ತಿದ್ದಿದಾಗ ಇನ್ನೊಂದು ಕೆಡದಂತೆ ನೋಡಿಕೊಳ್ಳುವುದರಲ್ಲಿ. ಇದನ್ನು ಯಾರೂ ಕಲಿಸುವುದಿಲ್ಲ. ಬಿಟಿಎಂ, ಮಡಿವಾಳದ ತರಬೇತಿ ಕೇಂದ್ರಗಳಲ್ಲಿ ಸಂದರ್ಶನದ ಪ್ರಶ್ನೋತ್ತರಗಳೇ ಪಾಠ. ಸುಳ್ಳು ಅನುಭವ ಪತ್ರ ಮಾರುವ ದಲ್ಲಾಳಿಗಳೂ ಈ ಸಂತೆಯಲ್ಲಿದ್ದಾರೆ. ಜರಡಿ ಎಂಥದ್ದೋ ತಯಾರಿಯೂ ಅಂಥದ್ದೇ!

ದೊಡ್ಡ ಕಂಪೆನಿಗಳು ಕಲಿಸುವ ಹೊಣೆ ಹೊತ್ತದ್ದೂ ಇದೆ. 2005ರಲ್ಲಿ ಮೈಸೂರಿನಲ್ಲಿ ಆರಂಭವಾದ ಇನ್ಫೋಸಿಸ್‌ನ ತರಬೇತಿ ಕೇಂದ್ರದಲ್ಲಿ ಯಾವುದೇ ಶಾಖೆಯ ಇಂಜಿನಿಯರ್ ಸಂಬಳ ಪಡೆಯುತ್ತಾ ತಿಂಗಳುಗಟ್ಟಲೆ ಕಲಿಯಬಹುದಿತ್ತು. ಅದು ಮೆಚ್ಚಬೇಕಾದ ಕೆಲಸ. ಆದರೆ 2025ರ ಫೆಬ್ರವರಿಯಲ್ಲಿ ಅಲ್ಲಿಂದಲೇ ತರಬೇತಿ ಪಡೆಯುತ್ತಿದ್ದ 300ಕ್ಕೂ ಹೆಚ್ಚು ಮಂದಿಯನ್ನು ಹೊರಕಳಿಸಲಾಯಿತು. ಆಯ್ಕೆ ಪತ್ರ ಹಿಡಿದು ಸುಮಾರು ಎರಡು ವರ್ಷ ಕಾದು ಸೇರಿದವರು ಅವರಲ್ಲಿದ್ದರು. ಮೂರು ಅವಕಾಶ ಕೊಟ್ಟೆವು, ಷರತ್ತು ಮೊದಲೇ ತಿಳಿದಿತ್ತು ಎಂದು ಕಂಪೆನಿ ಹೇಳಿತು. ಇರಬಹುದು. ಆದರೆ ಎರಡು ವರ್ಷ ಕಾಯಿಸಿದವರಿಗೂ ಒಂದು ಋಣವಿರುತ್ತದೆ. ಈಗಂತೂ ಕೃತಕ ಬುದ್ಧಿಮತ್ತೆ ಪ್ರೋಗ್ರಾಮು ಬರೆಯುತ್ತಿದೆ. ಹೊಸಬರು ಕೈ ಪಳಗಿಸಿಕೊಳ್ಳುತ್ತಿದ್ದ ಸಣ್ಣಪುಟ್ಟ ಕೆಲಸಗಳು ಯಂತ್ರದ ಪಾಲಾಗುತ್ತಿವೆ. ಇಂದು ಹೊಸಬರಿಗೆ ಕಲಿಸದಿದ್ದರೆ ಹತ್ತು ವರ್ಷದ ಬಳಿಕ ಅನುಭವಿಗಳು ಎಲ್ಲಿಂದ ಬಂದಾರು?

ಕನ್ನಡದಲ್ಲಿ ಇಂಜಿನಿಯರಿಂಗ್ ಕಲಿಸಲು 2021ರಲ್ಲಿ ಅನುಮತಿ ದೊರೆಯಿತು. ಮುಂದೆ ಬಂದವರು ಬೆರಳೆಣಿಕೆಯಷ್ಟು. ಕೆಲಸದ ಬಾಗಿಲು ಇಂಗ್ಲಿಷಿನದ್ದಾಗಿರುವಾಗ ಬಡವರ ಮಕ್ಕಳು ಆ ಅಪಾಯವನ್ನು ಯಾಕಾದರೂ ಮೈಮೇಲೆ ಎಳೆದುಕೊಳ್ಳಬೇಕು? ಪದವಿ ಇಂಗ್ಲಿಷಿನಲ್ಲೇ ಇರಲಿ, ಮೊದಲ ವರ್ಷದ ತರ್ಕವನ್ನಾದರೂ ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬಾರದೇಕೆ? 'ಲೂಪ್' ಎಂಬ ಪದ ಹಾಗೆಯೇ ಉಳಿಯಲಿ. ಅದು ಏಕೆ ಸುತ್ತುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಬಹುದಲ್ಲ?

ನಮ್ಮ ಪೇಟೆಗಳಲ್ಲಿ ಬಡಗಿ, ದರ್ಜಿ, ಮೆಕ್ಯಾನಿಕ್ ಯಾರೇ ಆಗಲಿ ಉಸ್ತಾದನ ಪಕ್ಕ ನಿಂತು ಕೆಲಸ ಕಲಿತವರು. ಆ ಪದ್ಧತಿಯಲ್ಲಿ ಬೈಗುಳವಿತ್ತು, ಶೋಷಣೆಯೂ ಇತ್ತು. ಆದರೆ ಶಾಗಿರ್ದನ ತಪ್ಪನ್ನು ತಿದ್ದುವುದು ಉಸ್ತಾದನ ಜವಾಬ್ದಾರಿಯಾಗಿತ್ತು. ಸಾಫ್ಟ್‌ವೇರ್ ಕೂಡಾ ಕೈಕಸುಬೇ. ಕಂಪೆನಿಗಳು 60ರ ಗೆರೆಯನ್ನು ಅಳಿಸಲಿ. ಕೆಟ್ಟ ಪ್ರೋಗ್ರಾಮೊಂದನ್ನು ಕೊಟ್ಟು, ಪುಸ್ತಕ ನೋಡಲು ಬಿಟ್ಟು, ಒಂದು ಗಂಟೆಯಲ್ಲಿ ಸರಿಪಡಿಸು ಎನ್ನಲಿ. ಶುಲ್ಕಕ್ಕೆ ವಿದ್ಯಾರ್ಥಿವೇತನ ನೀಡುವ ನಮ್ಮ ಸಮುದಾಯ ಸಂಸ್ಥೆಗಳೂ ಅಲ್ಲಿಗೇ ಕೈತೊಳೆದುಕೊಳ್ಳಬಾರದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಇಂಜಿನಿಯರುಗಳು ನಮ್ಮ ನಡುವೆಯೇ ಇದ್ದಾರೆ. ಭಾನುವಾರದ ಎರಡು ಗಂಟೆ ಬೊಮ್ಮನಹಳ್ಳಿಯ ಒಂದು ಕೋಣೆಯಲ್ಲಿ ನಾಲ್ಕು ಮಂದಿ ಹುಡುಗ ಹುಡುಗಿಯರ ಪಕ್ಕ ಕೂತು ಅವರು ಬರೆದದ್ದನ್ನು ಓದಿ ತಿದ್ದಲು ದೊಡ್ಡ ಬಂಡವಾಳವೇನೂ ಬೇಡ. ಮನಸ್ಸು ಮಾಡಬೇಕು.