ಸರ್ವಶ್ರೇಷ್ಠ ಆಲ್ಬಂ ಯಾವುದು?

ಖಡಕಿಯ ನಮ್ಮ ವಾರಾಂತ್ಯದ ಹರಟೆಯಲ್ಲಿ ಸರ್ವಶ್ರೇಷ್ಠ ರಾಕ್ ಆಲ್ಬಂ ಯಾವುದೆಂಬ ವಾದ ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್' (1967), ಪಿಂಕ್ ಫ್ಲಾಯ್ಡ್‌ನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' (1973) ಇವೆರಡರ ಸುತ್ತಲೇ ತಿರುಗುತ್ತದೆ. ಮೈಸೂರಿನ ರಘು ದೀಕ್ಷಿತ್ 2008ರಲ್ಲಿ ತಂದ ಮೊದಲ ಆಲ್ಬಂ ಹೆಸರು ಯಾರೂ ಎತ್ತುವುದಿಲ್ಲ. ಎತ್ತಬೇಕೇ?

ಆಲ್ಬಂ ಎಂದರೆ ಹಾಡುಗಳ ಮೂಟೆಯಲ್ಲ. ಪಿಂಕ್ ಫ್ಲಾಯ್ಡ್ ಕೃತಿ ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಕಾಲ, ಹಣ, ಸಾವು, ಹುಚ್ಚು ಒಂದರೊಳಗೊಂದು ಹರಿಯುತ್ತವೆ. ನಡುವಿನ ಒಂದು ಹಾಡು ತೆಗೆದರೂ ಕಟ್ಟಡ ಅಲುಗುತ್ತದೆ. ದೀಕ್ಷಿತರಲ್ಲಿ ಈ ಹೆಣಿಗೆ ಇಲ್ಲ. ಹಿಂದಿ, ಕನ್ನಡ, ಇಂಗ್ಲಿಷ್ ಹಾಡುಗಳು ಪಕ್ಕಪಕ್ಕ ಕೂತಿವೆ, ಅಷ್ಟೆ. ಕ್ರಮ ಬದಲಿಸಿದರೂ ನಷ್ಟವಿಲ್ಲ.

ಆದರೆ ಅದರೊಳಗಿನ ಶಿಶುನಾಳ ಶರೀಫರ ಎರಡು ತತ್ವಪದಗಳ ಮಾತೇ ಬೇರೆ. ಸಿ. ಅಶ್ವತ್ಥ್ ದನಿಯಲ್ಲಿ ನಮ್ಮ ಕಿವಿಯಲ್ಲಿ ನೆಲೆಸಿದ್ದ ಪದಗಳನ್ನು ದೀಕ್ಷಿತರು ಅನುಕರಿಸದೆ ಗಿಟಾರಿಗೆ ಒಗ್ಗಿಸಿದರು. ಹುಕ್ಕಾದ ಪದಕ್ಕೆ ಕನ್ನಡ ಬಾರದವರೂ ಕುಣಿಯುತ್ತಾರೆ. ಆ ಕುಣಿತದಲ್ಲಿ ಶರೀಫರ ವೈರಾಗ್ಯ ಹೊಗೆಯಾಗಿ ಹೋಗುವ ಅಪಾಯವೂ ಉಂಟು. ಅರ್ಥ ಕೇಳಿದ ಗೆಳೆಯನಿಗೆ ಬಿಡಿಸಿ ಹೇಳುವ ಹೊಣೆ ನಮ್ಮದು.

ಮೊದಲ ಸ್ಥಾನ ಪಿಂಕ್ ಫ್ಲಾಯ್ಡ್‌ಗೇ ಇರಲಿ. ನಮ್ಮೂರಿನವರೆಂದು ಅಂಕ ಕೊಡುವುದು ವಿಮರ್ಶೆಯಲ್ಲ. ಕೇಳದೆಯೇ ಪಟ್ಟಿಯಿಂದ ಬಿಡುವುದೂ ಅಲ್ಲ.