ಮಾಗುವ ಮುನ್ನ ಕಟ್ಟಿದ ಪಟ್ಟ

ಅಮೆರಿಕದ ‘ವೈನ್ ಸ್ಪೆಕ್ಟೇಟರ್’ ಪತ್ರಿಕೆಯು ಪ್ರತಿ ವರ್ಷದ ಕೊನೆಯಲ್ಲಿ, ತಾನು ಪರೀಕ್ಷಿಸಿದ ಸಹಸ್ರಾರು ವೈನುಗಳಿಂದ ನೂರನ್ನು ಆರಿಸಿ, ಅವುಗಳಲ್ಲೊಂದಕ್ಕೆ ‘ವರ್ಷದ ವೈನ್’ ಎಂಬ ಪಟ್ಟವನ್ನು ಕಟ್ಟುವ ಪದ್ಧತಿ 1988ರಿಂದ ನಡೆದುಬಂದಿದೆ. 2014ರಲ್ಲಿ ಆ ಪಟ್ಟ ಸಂದುದು ಪೋರ್ಚುಗಲ್ ದೇಶದ ಡೋರೂ ಕಣಿವೆಯ ಡೌಸ್ ಪೋರ್ಟಿಗೆ. ಅದು 2011ರ ಬೆಳೆ. ಸೀಸೆಯ ಕತ್ತಲೆಯಲ್ಲಿ ದಶಕಗಳ ಕಾಲ ಮಲಗಿ, ತನ್ನ ಒಗರನ್ನೂ ಕಾವನ್ನೂ ಮೆಲ್ಲಮೆಲ್ಲನೆ ಕಳೆದು, ಅಡಿಯಲ್ಲಿ ಗಸಿಯನ್ನು ಇಳಿಸಿ, ಆಮೇಲೆ ಹದಕ್ಕೆ ಬರತಕ್ಕ ಪಾನೀಯವದು. ಅಂಥದನ್ನು ಮೂರನೆಯ ವರ್ಷದಲ್ಲಿಯೇ ಪಟ್ಟಕ್ಕೆ ಕೂರಿಸಿದುದನ್ನು ಕಂಡಂದಿನಿಂದ, ಇಂಥ ವಾರ್ಷಿಕ ಪುರಸ್ಕಾರಗಳ ವಿಷಯದಲ್ಲಿ ನನ್ನೊಳಗಿದ್ದ ಸಂಶಯವು ದೃಢವಾಯಿತು.

ಸಂಶಯಕ್ಕೆ ಮೂಲ ನನ್ನ ನೆಲಮಾಳಿಗೆಯೇ. ಬೋರ್ಡೋ ಪ್ರಾಂತದ ಕೆಂಪು ವೈನಿನ ಹನ್ನೆರಡು ಸೀಸೆಗಳ ಪೆಟ್ಟಿಗೆಯೊಂದನ್ನು ನಾನು ಬಹುಕಾಲ ಇಟ್ಟುಕೊಂಡಿದ್ದೆ. ನಾಲ್ಕನೆಯ ವರ್ಷ ತೆರೆದ ಸೀಸೆಯಲ್ಲಿ, ಎಳೆಯ ನೆಲ್ಲಿಕಾಯಿ ಕಚ್ಚಿದಂತೆ ನಾಲಗೆಯನ್ನು ಹಿಡಿಯುವ ಒಗರಲ್ಲದೆ ಬೇರೇನೂ ತೋರಲಿಲ್ಲ; ಒಂಬತ್ತನೆಯ ವರ್ಷ ಒಗರು ತಗ್ಗಿತ್ತಾದರೂ ಕಂಪು ಮೂಕವಾಗಿತ್ತು; ಹದಿನಾರನೆಯ ವರ್ಷದ ಒಂದು ಸಂಜೆ, ಹುರಿದ ಕುರಿಮಾಂಸದ ಜೊತೆಯಲ್ಲಿ ಬಡಿಸಿದಾಗ, ದೇವದಾರು ಮರದ, ಹದಗೊಳಿಸಿದ ಹೊಗೆಸೊಪ್ಪಿನ, ಮಳೆ ಹಿಡಿದ ಮಣ್ಣಿನ ಪರಿಮಳಗಳು ಒಂದರ ಹಿಂದೊಂದು ಎದ್ದುಬಂದು, ಮೇಜಿನ ಸುತ್ತ ಕುಳಿತವರ ಮಾತನ್ನು ನಿಲ್ಲಿಸಿದುವು. ಅದೇ ಪೆಟ್ಟಿಗೆಯ ಇನ್ನೊಂದು ಸೀಸೆ ಬಿರಡೆಯ ದೋಷದಿಂದ ಮುಗ್ಗಲು ಹಿಡಿದು ಚೆಲ್ಲಬೇಕಾಯಿತು. ಇವುಗಳಲ್ಲಿ ಯಾವುದನ್ನು ಆ ವೈನಿನ ನಿಜಸ್ವರೂಪವೆಂದು ತಿಳಿದು ಅಂಕ ಕೊಡತಕ್ಕದ್ದು?

ಪತ್ರಿಕೆಗೆ ನ್ಯಾಯ ಸಲ್ಲಿಸುವುದಾದರೆ, ತನ್ನ ಆಯ್ಕೆಯ ಆಧಾರಗಳನ್ನು ಅದು ಮುಚ್ಚಿಟ್ಟಿಲ್ಲ: ಗುಣದ ಅಂಕ, ಬೆಲೆ, ಅಮೆರಿಕದ ಪೇಟೆಯಲ್ಲಿ ದೊರೆಯುವ ಪ್ರಮಾಣ, ಇವುಗಳ ಮೇಲೆ ವೈನಿನ ಹಿಂದಿನ ಕಥೆ ಹುಟ್ಟಿಸುವ ಉತ್ಸಾಹ. ಒಂದು ದೇಶದ ಕೊಳ್ಳುಗನಿಗೆ ಒಂದು ಪತ್ರಿಕೆ ನೀಡುವ ಸಲಹೆಯಾಗಿ ಇದು ಪ್ರಾಮಾಣಿಕವೇ ಸರಿ. ಆದರೆ ಪೇಟೆ ಅದನ್ನು ಸಲಹೆಯೆಂದು ಕೇಳುವುದಿಲ್ಲ, ತೀರ್ಪೆಂದು ಕೇಳುತ್ತದೆ. ಬರ್ಗಂಡಿಯ ಪುಟ್ಟ ತೋಟದಲ್ಲಿ ವರ್ಷಕ್ಕೆ ನಾಲ್ಕೈದು ಪೀಪಾಯಿ ಮಾತ್ರ ತುಂಬುವ ಬೆಳೆಗಾರನು, ಎಂಥ ಉತ್ತಮ ವೈನನ್ನು ಮಾಡಿದರೂ, ಮೂರನೆಯ ಆಧಾರದಲ್ಲಿಯೇ ಹಿಂದೆ ಬೀಳುತ್ತಾನೆಂಬುದನ್ನು ಯಾರೂ ನೆನೆಯುವುದಿಲ್ಲ.

ಪರಿಣತರ ನಾಲಗೆಯಾದರೂ ಸ್ಥಿರವೆ? ಕ್ಯಾಲಿಫೋರ್ನಿಯದಲ್ಲಿ ಸ್ವತಃ ವೈನ್ ತಯಾರಿಸುತ್ತಿದ್ದ, ಪ್ರಾಧ್ಯಾಪಕರಾಗಿ ನಿವೃತ್ತರಾದ ರಾಬರ್ಟ್ ಹಾಡ್ಸನ್ ಎಂಬವರು, ಆ ರಾಜ್ಯದ ಮೇಳದ ಸ್ಪರ್ಧೆಯಲ್ಲಿ 2005ರಿಂದ ನಾಲ್ಕು ವರ್ಷ ಒಂದು ಪರೀಕ್ಷೆಯನ್ನು ನಡೆಸಿದರು. ತೀರ್ಪುಗಾರರಿಗೆ ತಿಳಿಯದಂತೆ, ಒಂದೇ ಸೀಸೆಯ ವೈನನ್ನು ಇತರ ಲೋಟಗಳ ನಡುವೆ ಮೂರು ಸಲ ಬಡಿಸಲಾಯಿತು. ಮೂರು ಸಲವೂ ಅದನ್ನು ಒಂದೇ ಪದಕದ ಮಟ್ಟದಲ್ಲಿ ನಿಲ್ಲಿಸಬಲ್ಲವರಾದವರು ಸುಮಾರು ನೂರಕ್ಕೆ ಹತ್ತು ಮಂದಿ. ಅನಂತರ 2009ರಲ್ಲಿ ಅವರು ಅಮೆರಿಕದ 13 ಸ್ಪರ್ಧೆಗಳ ಫಲಿತಾಂಶಗಳನ್ನು ಹೋಲಿಸಿ ನೋಡಲಾಗಿ, ಮೂರಕ್ಕಿಂತ ಹೆಚ್ಚು ಸ್ಪರ್ಧೆಗಳನ್ನು ಪ್ರವೇಶಿಸಿದ್ದ ವೈನುಗಳಲ್ಲಿ ಶೇಕಡ 47 ಎಲ್ಲಿಯಾದರೂ ಒಂದು ಕಡೆ ಚಿನ್ನದ ಪದಕ ಪಡೆದಿದ್ದುವು. ಹಾಗೆ ಪಡೆದವುಗಳಲ್ಲಿಯೇ ಶೇಕಡ 84ಕ್ಕೆ ಮತ್ತೊಂದು ಕಡೆ ಯಾವ ಪದಕವೂ ದೊರೆತಿರಲಿಲ್ಲ. ಇದನ್ನು ತೀರ್ಪುಗಾರರ ಅಪ್ರಾಮಾಣಿಕತೆಯೆಂದು ನಾನು ಭಾವಿಸೆನು. ಬೆಳಗಿನಿಂದ ಡಜನುಗಟ್ಟಲೆ ವೈನುಗಳನ್ನು ಬಾಯಲ್ಲಿ ಹೊರಳಿಸಿ ಉಗುಳುತ್ತಿರುವ ಮನುಷ್ಯನ ಜಿಹ್ವೆಗೆ, ಊಟವೂ ವಿರಾಮವೂ ಸ್ನೇಹವೂ ಕೂಡಿದ ಸಂಜೆಯ ಜಿಹ್ವೆಯ ಸೂಕ್ಷ್ಮತೆ ಬರುವುದೆಂತು?

ಆದರೂ ಸ್ಪರ್ಧೆಗಳಿಂದ ಉಪಕಾರವೇ ಆಗಿಲ್ಲವೆನ್ನುವುದು ಅನ್ಯಾಯ. 1976ರ ಮೇ 24ರಂದು ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಪ್ಯಾರಿಸಿನಲ್ಲಿ ಹೆಸರು ಮರೆಸಿ ಬಡಿಸಿದ ವೈನುಗಳಲ್ಲಿ ಕ್ಯಾಲಿಫೋರ್ನಿಯದ ಸ್ಟ್ಯಾಗ್ಸ್ ಲೀಪ್ ಕೆಂಪಿನಲ್ಲಿಯೂ ಶಾಟೋ ಮಾಂಟೆಲೀನ ಬಿಳಿಯದರಲ್ಲಿಯೂ ಫ್ರಾನ್ಸಿನ ಪ್ರಸಿದ್ಧ ಮನೆತನಗಳನ್ನು ಹಿಂದಿಕ್ಕಿದುದರಿಂದ, ಶ್ರೇಷ್ಠತೆ ಒಂದು ದೇಶದ ಸ್ವತ್ತೆಂಬ ಹಳೆಯ ನಂಬಿಕೆ ಕುಸಿಯಿತು. ಅದಕ್ಕಿಂತ ನನ್ನನ್ನು ಹೆಚ್ಚು ಸೆಳೆಯುವುದು ಅದರ ಉತ್ತರಕಥೆ: ಮೂವತ್ತು ವರ್ಷಗಳ ತರುವಾಯ, 2006ರಲ್ಲಿ, ಅವೇ ಕೆಂಪು ವೈನುಗಳನ್ನು ಪುನಃ ಪರೀಕ್ಷಿಸಿದಾಗ, ಹಿಂದೆ ಐದನೆಯದಾಗಿದ್ದ ರಿಜ್ ಮಾಂಟೆ ಬೆಲ್ಲೊ ಮೊದಲನೆಯದಾಯಿತು. ಮೊದಲ ತೀರ್ಪು ಸುಳ್ಳಾಗಿರಲಿಲ್ಲ. ಅದು ಆ ದಿನದ ತೀರ್ಪಾಗಿತ್ತು, ಎರಡನೆಯದು ಕಾಲದ ತೀರ್ಪು.

ಪಟ್ಟ ಕಟ್ಟುವವರಿಂದ ನಾನು ಬಯಸುವುದು ಇಂಥ ಪುನಃಪರೀಕ್ಷೆಯನ್ನೇ. ಹೊಸ ನೂರರ ಪಟ್ಟಿಯ ಪಕ್ಕದಲ್ಲಿ, ಹತ್ತು ವರ್ಷದ ಹಿಂದಿನ, ಇಪ್ಪತ್ತೈದು ವರ್ಷದ ಹಿಂದಿನ ನೂರೂ ಈಗ ಹೇಗಿವೆ, ಯಾವುದು ಮಾಗಿತು, ಯಾವುದು ಸೊರಗಿತು ಎಂಬುದನ್ನು ಪ್ರತಿ ವರ್ಷವೂ ತಪ್ಪದೆ ಬರೆದು ಮುದ್ರಿಸಿದರೆ, ನಾನು ಹೊಸ ಪಟ್ಟಿಯನ್ನು ಮಡಿಸಿಟ್ಟು ಅದನ್ನೇ ಮೊದಲು ಓದುವೆನು.